ಒಪ್ಪವಾಗಿ ಕೆಟ್ಟ ಉಪ್ಪಿನಕಾಯಿ

ನನಗೊಂದು ಕಾಯಿಲೆಯಿದೆ. ಡಾಕ್ಟರಿಗೆ ತೋರಿಸುವಂಥದ್ದಲ್ಲ, ಅದಕ್ಕೆ ಮಾತ್ರೆಯೂ ಇಲ್ಲ. ಯಾವುದಾದರೂ ವಸ್ತು ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ಅದನ್ನು ನೆಟ್ಟಗೆ ಮಾಡುವ ತನಕ ನನ್ನ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೇ ಹೋಗಲಿ, ಅವರು ಒಳಗಿಂದ ಕಾಫಿ ತರುವಷ್ಟರಲ್ಲಿ ಗೋಡೆಯ ಕ್ಯಾಲೆಂಡರು ನೇರವಾಗಿರುತ್ತದೆ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳು ಜೋಡಿ ಜೋಡಿಯಾಗಿ ಗೋಡೆಗೆ ಮುಖ ಮಾಡಿ ನಿಂತಿರುತ್ತವೆ. ಒಮ್ಮೆ ಆನಂದಪುರದಲ್ಲಿ ಪರಿಚಯದವರೊಬ್ಬರು ತೀರಿಕೊಂಡಾಗ ಮನೆಯವರನ್ನು ಮಾತಾಡಿಸಲು ಹೋಗಿದ್ದೆ. ಹಾರ ಹಾಕಿದ ಫೋಟೋ ಒಂದು ಬೆರಳಿನಷ್ಟು ಎಡಕ್ಕೆ ವಾಲಿತ್ತು. ತಡೆದುಕೊಂಡೆ. ದೇವರಾಣೆ ತಡೆದುಕೊಂಡೆ. ಆದರೆ ಹೊರಡುವಾಗ ಕೈಮುಗಿಯುವ ನೆಪದಲ್ಲಿ ಹತ್ತಿರ ಹೋಗಿ ಮೆಲ್ಲಗೆ ಸರಿಸಿಯೇ ಬಿಟ್ಟೆ. ಮೊಳೆ ಕಿತ್ತುಬಂದು, ತೀರಿಹೋದವರು ಹಾರದ ಸಮೇತ ನನ್ನ ತೋಳಿಗೆ ಬಂದರು. ಆ ಮನೆಯ ಹೆಂಗಸರು ಅಳುವುದನ್ನು ಒಂದು ಗಳಿಗೆ ನಿಲ್ಲಿಸಿ ನನ್ನ ಮುಖ ನೋಡಿದರು.

ಈ ಕಾಯಿಲೆ ಉಲ್ಬಣಿಸಿದ್ದು ನಾನು ಹೆಡ್‌ಮಾಸ್ಟರಾದ ಮೇಲೆ. ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನನ್ನ ಸರ್ವೀಸಿನ ಕೊನೆಯ ಎಂಟು ವರ್ಷ ಕಳೆಯಿತು. ಅಧಿಕಾರ ಕೈಗೆ ಬಂದ ಮೊದಲನೆಯ ವಾರವೇ ಲೈಬ್ರರಿಗೆ ನುಗ್ಗಿದೆ. ಉದ್ದದ್ದು, ಗಿಡ್ಡದ್ದು, ಅಡ್ಡಡ್ಡ ಮಲಗಿದ್ದು, ಹೀಗೆ ಪುಸ್ತಕಗಳು ಸಂತೆಯಿಂದ ಮನೆಗೆ ಹೊರಟ ಜನರ ಹಾಗೆ ಹೇಗೆ ಬೇಕೋ ಹಾಗೆ ನಿಂತಿದ್ದವು. ಎರಡು ದಿನ ಕೂತು ಅಷ್ಟನ್ನೂ ಎತ್ತರದ ಪ್ರಕಾರ ಜೋಡಿಸಿದೆ. ಬೀರುವಿನ ಮುಂದೆ ನಿಂತರೆ ಕಣ್ಣಿಗೆ ತಂಪು. ಆಮೇಲೆ ಒಂದು ಪುಸ್ತಕವೂ ಯಾರಿಗೂ ಸಿಗಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಒಂದು ನಿಘಂಟು ಕೇಳಿದಾಗ, ಲೈಬ್ರರಿ ನೋಡಿಕೊಳ್ಳುತ್ತಿದ್ದ ಕನ್ನಡದ ಮೇಡಂ ಅರ್ಧ ಗಂಟೆ ಹುಡುಕಿದರು. ಆಗ ನಾನು ಸಾಹೇಬರ ಎದುರು ಏನೆಂದೆ ಗೊತ್ತೇ? "ಏನು ಮೇಡಂ, ಯಾವ ಪುಸ್ತಕ ಎಲ್ಲಿದೆ ಅಂತಾನೂ ಗೊತ್ತಿಲ್ವಾ ನಿಮಗೆ?" ಎಂದೆ. ಮೇಡಂ ನನ್ನನ್ನು ನೋಡಿದರು. ಮಾರನೆಯ ದಿನ ಪ್ರಾರ್ಥನೆಯಲ್ಲಿ ಮಕ್ಕಳಿಗೆ 'ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದೇ ದೊಡ್ಡತನ' ಎಂದು ನಾನೇ ಭಾಷಣ ಮಾಡಿದೆ. ಆಗಲೂ ಮೇಡಂ ನನ್ನನ್ನೇ ನೋಡುತ್ತಿದ್ದರು.

ನಿವೃತ್ತನಾಗಿ ಸಾಗರದ ಮನೆಯಲ್ಲಿ ಕೂತ ಮೇಲೆ ಜೋಡಿಸಲು ಲೈಬ್ರರಿಯೂ ಇಲ್ಲ, ಸಾಲು ನಿಲ್ಲಿಸಲು ಮಕ್ಕಳೂ ಇಲ್ಲ. ಉಳಿದದ್ದು ನನ್ನ ಹೆಂಡತಿ ಲಲಿತಳ ಅಡಿಗೆಮನೆ. ಒಂದು ದಿನ ಅವಳು ಪೇಟೆಗೆ ಹೋಗಿದ್ದಾಗ ಅಲ್ಲಿನ ಡಬ್ಬಿಗಳಿಗೆಲ್ಲ ಸ್ಕೇಲು ಹಿಡಿದು ಲೇಬಲ್ಲು ಅಂಟಿಸಿ, ವರ್ಣಮಾಲೆಯ ಪ್ರಕಾರ ಅಕ್ಕಿಯಿಂದ ಹಿಡಿದು ಸಾಸಿವೆಯ ತನಕ ಸಾಲಾಗಿ ನಿಲ್ಲಿಸಿದೆ. ಲಲಿತ ಬಂದು ನೋಡಿದಳು. "ಚೆಂದ ಆಗ್ಯದೆ" ಎಂದಳು. ಜಗಳ ಆಡಲಿಲ್ಲ. ವಾರದೊಳಗೆ ಡಬ್ಬಿಗಳನ್ನು ಅಲ್ಲೇ ಬಿಟ್ಟು ಒಳಗಿನ ಸಾಮಾನನ್ನು ಮಾತ್ರ ತನ್ನ ಹಳೆಯ ಜಾಗಗಳಿಗೆ ತುಂಬಿಕೊಂಡಳು. ಈಗ ನಮ್ಮ ಮನೆಯಲ್ಲಿ ಜೀರಿಗೆ ಬೇಕಾದರೆ 'ಕಡಲೆಬೇಳೆ' ತೆಗೆಯಬೇಕು. ಒಮ್ಮೆ ನಾನೇ ಟೀ ಮಾಡಲು ಹೋಗಿ, 'ಸಕ್ಕರೆ' ಎಂದು ನನ್ನದೇ ಅಕ್ಷರದಲ್ಲಿ ಬರೆದಿದ್ದ ಡಬ್ಬಿಯಿಂದ ಎರಡು ಚಮಚ ರವೆ ಹಾಕಿ ಕುದಿಸಿದ್ದೆ. "ನಂಗೆ ಕೈಗೆ ಗೊತ್ತಿದೆ ಎಲ್ಲೆಲ್ಲಿ ಎಂತೆಂತ ಅದೆ ಅಂತ. ನೀವು ಓದಿ ತೆಗೀತೀರಿ, ಅದಕ್ಕೇ ಹಿಂಗಾಗೋದು" ಎಂದಳು ಲಲಿತ. ಆ ಮಾತಿನಲ್ಲಿ ನನಗೊಂದು ಪಾಠವಿತ್ತು. ಕಲಿಯಲಿಲ್ಲ. ಮೇಷ್ಟ್ರುಗಳಿಗೆ ಕಲಿಸಿ ಅಭ್ಯಾಸವೇ ಹೊರತು ಕಲಿತು ಅಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಲಲಿತಳ ತವರುಮನೆ ತೀರ್ಥಹಳ್ಳಿ ಕಡೆಯ ಅರಳಸುರಳಿಯ ಹತ್ತಿರ. ಅಲ್ಲಿ ರಸ್ತೆಯ ಅಂಚಿಗೆ, ಹಳ್ಳದ ಪಕ್ಕ, ಒಂದು ಅಪ್ಪೆಮಿಡಿಯ ಮರವಿತ್ತು. ನಮ್ಮ ಕಡೆಯವರಿಗೆ ಅಪ್ಪೆಮಿಡಿಯ ಬಗ್ಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳಿದರೂ ಮೂಗಿಗೆ ಹಿಡಿಯದೆ ಅರ್ಥವಾಗುವುದಿಲ್ಲ. ಬೆರಳುದ್ದದ ಎಳೆಯ ಮಾವಿನಕಾಯಿ, ಕೊಂಚ ಚಿವುಟಿದರೆ ಜಗಲಿಯ ತನಕ ಪರಿಮಳ. ಒಂದೊಂದು ಮರದ್ದು ಒಂದೊಂದು ಪರಿಮಳ ಆದ್ದರಿಂದ, ಒಂದು ಮರದ ಮಿಡಿಯ ಜೊತೆ ಇನ್ನೊಂದು ಮರದ್ದನ್ನು ಸೇರಿಸಿ ಉಪ್ಪಿನಕಾಯಿ ಹಾಕುವುದಿಲ್ಲ. ನಮ್ಮಲ್ಲಿ ಭರಣಿಗಳಿಗೂ ಮರದ ಹೆಸರೇ. ಈ ಮರಕ್ಕೆ 'ಹಳ್ಳದ ಮರ' ಎಂದು ಹೆಸರು. ನನ್ನ ಅತ್ತೆ ಬದುಕಿರುವ ತನಕ ಪ್ರತಿ ವರ್ಷ ಅದರ ಮಿಡಿಯನ್ನು ತಾವೇ ಉಪ್ಪಿಗೆ ಹಾಕುತ್ತಿದ್ದರು. ಅವರು ಹೋದ ಮೇಲೆ ಹಿರಿಮಗಳಾದ ಲಲಿತ ಹಾಕುತ್ತಾಳೆ. ಆ ಭರಣಿಯನ್ನು ಮೊದಲು ತೆರೆಯುವುದು ಮಳೆಗಾಲದಲ್ಲಿ ಬರುವ ಅತ್ತೆಯ ತಿಥಿಯ ದಿನ, ತವರುಮನೆಯಲ್ಲಿ. ಅವರ ಎಡೆಗೆ ಒಂದು ಮಿಡಿ ಬಡಿಸಿದ ನಂತರವೇ ಉಳಿದವರಿಗೆ. ಇದನ್ನು ಯಾರೂ ಕಾನೂನು ಮಾಡಿದ್ದಲ್ಲ, ನಡೆದುಕೊಂಡು ಬಂದಿತ್ತು.

ಈ ವರ್ಷ ರಸ್ತೆ ಅಗಲವಾಗುವ ಸುದ್ದಿ ಬಂತು. ಮರಗಳಿಗೆಲ್ಲ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ಹಳ್ಳದ ಮರಕ್ಕೂ ಬಿತ್ತು. ರಸ್ತೆ ಅಗಲವಾಗಲಿ ಎಂದು ಅರ್ಜಿಗೆ ಸಹಿ ಹಾಕಿದವರಲ್ಲಿ ಲಲಿತಳ ತಮ್ಮ ನಾಗೇಶನೂ ಒಬ್ಬ. ಹಾಗಾಗಿ ಬೈಯೋಣ ಎಂದರೂ ಯಾರೂ ಸಿಗಲಿಲ್ಲ. ಅದೇ ಹೊತ್ತಿಗೆ ಲಲಿತ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರು ಹಾಕಿಸಿಕೊಂಡು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದಾಗಲೇ ನಾಗೇಶ ಸೊಪ್ಪು ಹಾಸಿದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದ. ಹಗ್ಗ ಕಟ್ಟಿ ಒಂದೂ ನೆಲಕ್ಕೆ ಬೀಳದ ಹಾಗೆ ಇಳಿಸಿದ ಮಿಡಿ, ಐನೂರು ಚಿಲ್ಲರೆ.

"ಅಕ್ಕ, ಇದೇ ಕೊನೆ" ಎಂದ. "ಮುಂದಿನ ವಾರ ಕಡೀತಾರಂತೆ."

ಲಲಿತ ಎಡಗೈಯಲ್ಲಿ ಒಂದು ಮಿಡಿ ಎತ್ತಿಕೊಂಡು ಮೂಸಿದಳು. "ಅಮ್ಮನ ಕೈ ಪರಿಮಳ" ಎಂದಳು. ನಾಗೇಶ ಊಟ ಮಾಡಿ ಎರಡೂವರೆ ಗಂಟೆಯ ಬಸ್ಸಿಗೆ ಹೋದ. ಲಲಿತ ನೋವಿನ ಮಾತ್ರೆ ನುಂಗಿ, "ಒಂಚೂರು ಮಲಗ್ತೀನಿ. ಎದ್ದ ಮೇಲೆ ನಾನು ಹೇಳ್ತೀನಿ, ನೀವು ಮಾಡಿ. ಅಲ್ಲೀವರೆಗೆ ಒಣಗಿದ ಬಟ್ಟೇಲಿ ಒರೆಸಿಡಿ ಸಾಕು" ಎಂದು ಒಳಗೆ ಹೋದಳು.

ಸಾಕು ಎಂದ ಮೇಲೆ ಸಾಕು ಮಾಡುವ ಜಾತಿಯವನೇ ನಾನು? ಪೇಪರು ಹಾಸಿಕೊಂಡು ಕೂತೆ. ಇಪ್ಪತ್ತು ಮೂವತ್ತು ಒರೆಸಿದೆ. ಆಗ ಕಣ್ಣಿಗೆ ಬಿದ್ದದ್ದು ತೊಟ್ಟು. ಒಂದಕ್ಕೆ ಅರ್ಧ ಬೆರಳಿನಷ್ಟು ತೊಟ್ಟು, ಇನ್ನೊಂದಕ್ಕೆ ಒಂದು ಬೆರಳು, ಮತ್ತೊಂದಕ್ಕೆ ಬಾಲದ ಹಾಗೆ ಸೊಟ್ಟ. ಮೂವತ್ತಾರು ವರ್ಷ ಈ ಮನೆಯ ಉಪ್ಪಿನಕಾಯಿಯನ್ನು ತೊಟ್ಟು ಹಿಡಿದೇ ಚೀಪಿದ್ದೇನೆ. ಅದೆಂತಕ್ಕೆ ಇದೆ ಎಂದು ಒಂದು ದಿನ ಯೋಚಿಸಿದವನಲ್ಲ. ಕೆಲಸದ ಗಡಿಬಿಡಿಯಲ್ಲಿ ಹೆಂಗಸರು ತೆಗೆಯದೇ ಬಿಟ್ಟಿರುತ್ತಾರೆ ಎಂದುಕೊಂಡಿದ್ದೆ. ಅನುಮಾನ ಬಂದು ಮೊಬೈಲಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಎಂದು ಹುಡುಕಿದೆ. ಯಾವುದೋ ಊರಿನ ಹೆಂಗಸೊಬ್ಬರು ತೆಂಗಿನಕಾಯಿ ಗಾತ್ರದ ಮಾವಿನಕಾಯಿ ಹಿಡಿದು, "ಮೊದಲು ತೊಟ್ಟು ತೆಗೆಯಬೇಕು" ಎಂದರು. ಅಷ್ಟು ಸಾಕಾಯಿತು. ಲಲಿತಳ ಹೊಲಿಗೆ ಕತ್ತರಿ ತಂದು, ಒಂದೊಂದೇ ಮಿಡಿಯ ತೊಟ್ಟನ್ನು ಬುಡಕ್ಕೆ ಸರಿಯಾಗಿ, ಸಮವಾಗಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇಲ್ಲದಂತೆ ಕತ್ತರಿಸಿದೆ. ಸೊನೆ ಪಿಚಕ್ಕನೆ ಹಾರಿ ಬೆರಳಿಗೆ, ಕೆನ್ನೆಗೆ, ಕನ್ನಡಕಕ್ಕೆ ಸಿಡಿಯಿತು. ಉರಿಯಿತು. ಒಳ್ಳೆಯ ಕೆಲಸ ಮಾಡುವಾಗ ಅಡೆತಡೆ ಇದ್ದದ್ದೇ ಎಂದು ಮುಂದುವರಿಸಿದೆ. ಎರಡು ಗಂಟೆಯಲ್ಲಿ ಮುಗಿಯಿತು. ಒಂದು ಕಡೆ ಬೋಳು ಮಿಡಿಗಳು ಐವತ್ತೈವತ್ತರ ಗುಡ್ಡೆಯಾಗಿ, ಇನ್ನೊಂದು ಕಡೆ ತೊಟ್ಟುಗಳು ಕಟ್ಟು ಕಟ್ಟಾಗಿ. ಅಷ್ಟು ಚೆಂದದ ಕೆಲಸ ನನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಲಲಿತ ಎದ್ದದ್ದು ಪರಿಮಳಕ್ಕೆ. "ಎಂತ ಇಷ್ಟು ಘಮ ಬರ್ತಾ ಅದೆ?" ಎನ್ನುತ್ತಾ ಬಂದವಳು ಬಾಗಿಲಲ್ಲೇ ನಿಂತಳು. ನಾನು ಎದ್ದು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ, ವಸ್ತುಪ್ರದರ್ಶನ ಉದ್ಘಾಟಿಸುವವರಿಗೆ ದಾರಿ ಬಿಡುವ ಹಾಗೆ.

"ಪೂರ್ತಿ ಆಯ್ತಾ?" ಎಂದಳು.

"ಪೂರ್ತಿ ಆಯ್ತು. ಒಂದೂ ಬಿಟ್ಟಿಲ್ಲ."

"ಒಂದೂ ಬಿಟ್ಟಿಲ್ವಾ?"

"ಒಂದೂ ಇಲ್ಲ. ಬೇಕಾದ್ರೆ ನೋಡು."

ಅವಳು ನೋಡಲಿಲ್ಲ. ಮೆಲ್ಲಗೆ ಗೋಡೆಗೆ ಒರಗಿ ಕೆಳಗೆ ಕೂತಳು. ಬೈದಿದ್ದರೆ ಬಚಾವಾಗುತ್ತಿದ್ದೆ. ಒಂದನೆಯ ಕ್ಲಾಸಿನ ಮಗುವಿಗೆ ಹೇಳುವ ಹಾಗೆ ಹೇಳಿದಳು. "ಮಿಡೀಲಿ ಇರೋದೇ ಸೊನೆ. ತೊಟ್ಟಿದ್ರೆ ಅದು ಒಳಗೆ ನಿಲ್ತದೆ, ಉಪ್ಪುನೀರು ಒಳಗೆ ಇಳಿಯಲ್ಲ. ಮಿಡಿ ಚಿರುಟಿಕೊಂಡು ಗಟ್ಟಿ ಆಗ್ತದೆ, ವರ್ಷಗಟ್ಲೆ ಇರ್ತದೆ. ತೊಟ್ಟು ಹೋದ್ರೆ ಸೊನೆ ಹೋತು. ಮೆತ್ತಗಾಗಿ ಕೊಳೀತದೆ." ಆಮೇಲೆ ಎಡಗೈಯಲ್ಲಿ ಒಂದು ಕಟ್ಟು ತೊಟ್ಟು ಎತ್ತಿಕೊಂಡು, "ಇದನ್ನ ಬೇರೆ ನೂಲಲ್ಲಿ ಕಟ್ಟೀರಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. ಮೂವತ್ತಾರು ವರ್ಷದಲ್ಲಿ ನಾನು ಆಡಿದ ಮಾತಿಗೆ ಅವಳು ಅತ್ತದ್ದುಂಟು, ಮಾಡಿದ ಕೆಲಸಕ್ಕೆ ಅತ್ತದ್ದು ಅದೇ ಮೊದಲು. ಬೇರೆ ಮಿಡಿ ತರೋಣವೆಂದರೆ ರಿಪ್ಪನ್‌ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಹಳ್ಳದ ಮರದ್ದು ಎಲ್ಲಿ ಸಿಗಬೇಕು?

ಮರುಗಳಿಗೆಯಲ್ಲೇ ಅವಳು ಕಣ್ಣು ಒರೆಸಿಕೊಂಡು, "ಏಳಿ, ಕಲ್ಲುಪ್ಪು ತನ್ನಿ" ಎಂದಳು. 'ಅಕ್ಕಿ' ಎಂದು ಬರೆದಿದ್ದ ಡಬ್ಬಿಯಿಂದ ಕಲ್ಲುಪ್ಪು ತಂದೆ. ಆ ಹೊತ್ತಿನಲ್ಲಿ ಲೇಬಲ್ಲಿನ ಬಗ್ಗೆ ಮಾತಾಡುವಷ್ಟು ದಡ್ಡ ನಾನಲ್ಲ. ಅಂದಿನಿಂದ ಅವಳು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಮಾಡುವುದು. ಉಪ್ಪು ಒಂದು ಹಿಡಿ ಜಾಸ್ತಿ, ಸಾಸಿವೆ ಜಾಸ್ತಿ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಭರಣಿ ಕುಲುಕುವುದು, ಮೆತ್ತಗಾದದ್ದನ್ನು ಆರಿಸಿ ತೆಗೆಯುವುದು. ಎಸೆದದ್ದೇ ಹೆಚ್ಚು. ಐನೂರರಲ್ಲಿ ನೂರು ನೂರಿಪ್ಪತ್ತು ಉಳಿದಿರಬಹುದು. ಲೆಕ್ಕ ಹಾಕಲು ಧೈರ್ಯ ಬರಲಿಲ್ಲ. ಕೆನ್ನೆಯ ಮೇಲಿನ ಸೊನೆಯ ಕಲೆ ಕಪ್ಪಾಗಿ, ಎದುರು ಮನೆಯವರು ಏನಾಯಿತು ಎಂದು ಕೇಳಿದಾಗ ಶೇವಿಂಗ್ ಮಾಡುವಾಗ ತಾಗಿತು ಎಂದೆ. ನೋಡಿ, ಅಲ್ಲೂ ಸುಳ್ಳು.

ತಿಥಿಯ ದಿನ ಬಂತು. ಅರಳಸುರಳಿಗೆ ಹೋಗುವ ದಾರಿಯಲ್ಲಿ ಮರವಿದ್ದ ಜಾಗ ಬಂದಾಗ ಲಲಿತ ಬಸ್ಸಿನ ಇನ್ನೊಂದು ಬದಿಯ ಕಿಟಕಿ ನೋಡಿದಳು. ಭರಣಿ ನನ್ನ ತೊಡೆಯ ಮೇಲಿತ್ತು. ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಎಡೆಗೆ ಬಡಿಸಿ ಆದ ಮೇಲೆ ಗಂಡಸರೂ ಹಿರಿಯರೂ ಊಟಕ್ಕೆ ಕೂತೆವು, ಲಲಿತಳೇ ಉಪ್ಪಿನಕಾಯಿ ಬಡಿಸುತ್ತಾ ಬಂದಳು. ಮಂಡಿನೋವಿಗೆ ಕುರ್ಚಿ ಮೇಲೆ ಕೂತಿದ್ದ ದೊಡ್ಡಮ್ಮ, ಅಂದರೆ ನನ್ನ ಅತ್ತೆಯ ಅಕ್ಕ, ಎಂಬತ್ತು ದಾಟಿದವರು, ಅಭ್ಯಾಸದಂತೆ ತೊಟ್ಟು ಹಿಡಿಯಲು ಹೋದರು. ತೊಟ್ಟಿರಲಿಲ್ಲ. ಎರಡು ಬೆರಳಲ್ಲಿ ಹಿಡಿದರು. ಮಿಡಿ ಪಚಕ್ಕೆಂದು ಕುಸಿಯಿತು.

"ಎಂತ ಆತೇ ಲಲಿತ, ನಿನ್ನ ಕೈಗೆ?" ಎಂದರು.

ನಾನು ಎಲೆಯ ಮೇಲಿನ ಪಲ್ಯವನ್ನು ನೋಡುತ್ತಾ ಕೂತೆ. ಲಲಿತ, "ಕೈ ನೋವಿತ್ತಲ್ಲ ದೊಡ್ಡಮ್ಮ. ಈ ಸಲ ಹದ ತಪ್ಪಿತು" ಎಂದು ಮುಂದಕ್ಕೆ ಹೋದಳು.

ಸಾರು ಬಂತು. ನಾನು ಸುಮ್ಮನೆ ಉಂಡೆ. ಉಪ್ಪಿನಕಾಯಿಯ ವಿಷಯದಲ್ಲಿ ಲಲಿತಳಿಗೆ ಆ ಮನೆಯಲ್ಲಿದ್ದ ಹೆಸರು ಚಿಕ್ಕದಲ್ಲ. ಆ ಹೆಸರನ್ನು ಅವಳು ನನಗಾಗಿ ನನ್ನ ಎಲೆಯ ಪಕ್ಕದಲ್ಲೇ ಕೆಳಗಿಟ್ಟು ಹೋಗಿದ್ದಳು. ಹುಳಿ ಬಂತು. ಯಾಕೋ ಎದುರಿಗೆ ಕನ್ನಡದ ಮೇಡಂ ನಿಂತು ನನ್ನನ್ನೇ ನೋಡುತ್ತಿದ್ದ ಹಾಗಾಯಿತು, ಕೈಯಲ್ಲಿ ನಿಘಂಟು ಬೇರೆ. ಅಂತೂ ಮಜ್ಜಿಗೆಯ ಪಾತ್ರೆ ಹೊರಗೆ ಬಂದಾಗ, ಇದರಾಚೆಗೆ ಊಟದಲ್ಲಿ ಏನೂ ಉಳಿದಿಲ್ಲವೆಂದು ಗೊತ್ತಾಗಿ, ಬಾಯಿ ಬಿಟ್ಟೆ.

"ಹದ ತಪ್ಪಿದ್ದು ಅವಳಲ್ಲ, ನಾನು. ಅವಳು ಮಲಗಿದ್ದಾಗ ನಾನೇ ತೊಟ್ಟೆಲ್ಲ ಕತ್ತರಿಸಿಹಾಕಿದೆ. ಕೊನೇ ಬೆಳೆ, ನಾನು ಹಾಳು ಮಾಡಿದೆ."

ದೊಡ್ಡ ಮಾತಾಡಿದೆ ಎಂದುಕೊಂಡು ತಲೆ ಎತ್ತಿದೆ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ನಾಗೇಶ ತನ್ನ ಎಲೆಯ ತುದಿಯಿಂದ ಒಂದು ಮಿಡಿಯನ್ನು ಎತ್ತಿ ಹಿಡಿದ.

"ಗೊತ್ತಾತು ಬಿಡಿ ಭಾವ, ಬಡಿಸಿದ ಕೂಡ್ಲೇ. ಒಂದೊಂದೂ ಅಳತೆಕೋಲು ಇಟ್ಟು ಕತ್ತರಿಸಿದ ಹಂಗೆ ಅದೆ. ನಮ್ಮ ಅಕ್ಕ ಹುಟ್ಟಿದ ಮೇಲೆ ಇಷ್ಟು ಒಪ್ಪದ ಕೆಲಸ ಎಲ್ಲಿ ಮಾಡ್ಯಾಳೆ?"

ಸಾಲಿಗೆ ಸಾಲೇ ನಕ್ಕಿತು. ದೊಡ್ಡಮ್ಮ ನಕ್ಕು ನಕ್ಕು ಕೆಮ್ಮಿದರು. "ಅಳಿಯಂದ್ರೇ, ನಿಮ್ಮ ಅತ್ತೆ ಇದ್ದಿದ್ರೆ ನಿಮ್ಮ ಕಿವಿ ಹಿಂಡ್ತಿದ್ಲು" ಎಂದರು. ಲಲಿತ ಮಜ್ಜಿಗೆ ಬಡಿಸಲು ನನ್ನ ಎಲೆಯ ಹತ್ತಿರ ಬಗ್ಗಿದವಳು, ನನಗಷ್ಟೇ ಕೇಳುವ ಹಾಗೆ, "ಸಾರಿಗೆ ಹೇಳ್ತೀರಿ ಅಂದ್ಕಂಡೆ, ಹುಳಿಗೆ ಹೇಳ್ತೀರಿ ಅಂದ್ಕಂಡೆ. ಮಜ್ಜಿಗೆಗೂ ಹೇಳದೇ ಇದ್ದಿದ್ರೆ ನಾನು ಸಾಗರಕ್ಕೆ ಬರ್ತಿರಲಿಲ್ಲ" ಎಂದಳು. ತಮಾಷೆಗೆ ಹೇಳಿದಳೋ, ನಿಜಕ್ಕೋ, ಇವತ್ತಿಗೂ ಕೇಳಿಲ್ಲ. ಎರಡು ಸೌಟು ಮಜ್ಜಿಗೆ ಮಾತ್ರ ಹೆಚ್ಚು ಹಾಕಿದಳು. ಆ ಮೆತ್ತಗಿನ ಮಿಡಿಯನ್ನು ಆ ದಿನ ಯಾರೂ ಎಲೆಯಲ್ಲಿ ಬಿಡಲಿಲ್ಲ. ನೋಡಲು ಸೋತಿದ್ದರೂ ಹಳ್ಳದ ಮರದ ಪರಿಮಳ ಅದರಲ್ಲಿ ಸ್ವಲ್ಪ ಉಳಿದಿತ್ತು.

ಸಂಜೆ ಹೊರಡುವಾಗ ನಾಗೇಶ ಹಿತ್ತಲಿನಿಂದ ಒಂದು ಪ್ಲಾಸ್ಟಿಕ್ ಚೀಲದ ಗಿಡ ತಂದ. ಮರ ಕಡಿಯುವ ಮೊದಲು ಅದರ ಕುಡಿ ತೆಗೆದು ಆರು ಗಿಡಕ್ಕೆ ಕಸಿ ಕಟ್ಟಿದ್ದನಂತೆ. ಹತ್ತಿದ್ದು ಎರಡು. ಒಂದು ಅವರ ಮನೆಗೆ, ಒಂದು ಅಕ್ಕನಿಗೆ. "ಇವ್ರ ಕೈಗೆ ಮಾತ್ರ ಕೊಡಬ್ಯಾಡ" ಎಂದರು ದೊಡ್ಡಮ್ಮ. ಲಲಿತ ಗಿಡವನ್ನು ಇಸಿದುಕೊಂಡು ನೇರವಾಗಿ ನನ್ನ ಕೈಗೇ ಇಟ್ಟಳು. "ಇವ್ರೇ ನೆಡ್ಲಿ, ಇವ್ರೇ ನೀರು ಹಾಕ್ಲಿ" ಎಂದಳು. ನಾನು ಬಸ್ಸಿನಲ್ಲಿ ಸಾಗರದ ತನಕ ಆ ಗಿಡವನ್ನು ಹಿಡಿದುಕೊಂಡು ನಿಂತೇ ಬಂದೆ. ಸೀಟು ಖಾಲಿಯಿತ್ತು. ಕೂತರೆ ಎಲ್ಲಿ ಎಲೆ ಮಡಚೀತೋ ಎಂದು ಕೂರಲಿಲ್ಲ. ನನಗೆ ನಿವೃತ್ತಿಯ ದಿನ ಹಾಕಿದ ಹಾರವೂ ಇಷ್ಟು ಸಂತೋಷ ಕೊಟ್ಟಿರಲಿಲ್ಲ, ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಮಾರನೆಯ ದಿನ ಇನ್ನೊಂದು ಕೆಲಸ ಮಾಡಿದೆ. ಕನ್ನಡದ ಮೇಡಂ ಫೋನ್ ನಂಬರು ಹುಡುಕಿ, ನಿಘಂಟಿನ ವಿಷಯ ಎತ್ತಿ, ತಪ್ಪು ನನ್ನದೇ ಎಂದೆ. ಅವರು, "ಸಾರ್, ಹುಷಾರಾಗಿದೀರಿ ತಾನೇ?" ಎಂದು ವಿಚಾರಿಸಿಕೊಂಡರು.

ಗಿಡ ಈಗ ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಚಿಗುರಿದೆ. ಆದರೆ ಒಂದು ವಿಷಯ ಹೇಳದೆ ಇರಲಾರೆ: ಅದು ಸೊಟ್ಟ. ಬೇಕೆಂದೇ ಮಾಡಿದ ಹಾಗೆ ಎಡಕ್ಕೆ ವಾಲಿದೆ. ಒಂದು ಕವಲು ಗೋಡೆಯ ಕಡೆಗೆ, ಇನ್ನೊಂದು ರಸ್ತೆಯ ಕಡೆಗೆ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ನಾನು ದಿನಾ ನೀರು ಹಾಕಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಐದು ನಿಮಿಷ ನಿಂತು ನೋಡಿ ಒಳಗೆ ಬರುತ್ತೇನೆ. ನೀರು ಹಾಕುವುದಕ್ಕಿಂತ ಕಷ್ಟದ ಕೆಲಸ ಅದು. ಲಲಿತ ಗಿಡ ಬಂದ ದಿನವೇ ಮನೆಯಲ್ಲಿದ್ದ ಕತ್ತರಿಯನ್ನು ಬಚ್ಚಿಟ್ಟಿದ್ದಾಳೆ. ಎಲ್ಲಿದೆಯೆಂದು ನನಗೆ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಾಳೆ. ಅದು 'ಮೆಂತ್ಯ' ಎಂದು ಬರೆದ ಡಬ್ಬಿಯಲ್ಲಿದೆ. ಮೂರು ತಿಂಗಳಿನಿಂದ ನಾನು ಅದನ್ನು ಮುಟ್ಟಿಲ್ಲ. ಮುಟ್ಟುವುದೂ ಇಲ್ಲ. ಆ ಡಬ್ಬಿಯ ಲೇಬಲ್ಲು ಮಾತ್ರ ಒಂದು ಮೂಲೆಯಲ್ಲಿ ಎದ್ದು ಸ್ವಲ್ಪ ಸೊಟ್ಟಗಾಗಿದೆ. ಅಷ್ಟನ್ನು ನೆಟ್ಟಗೆ ಮಾಡಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದು ಇವತ್ತು ಬೆಳಿಗ್ಗೆ ಕೈ ಹಾಕಿದೆ. ಎದ್ದಿದ್ದ ಮೂಲೆಯ ಅಡಿಯಲ್ಲಿ ಪೆನ್ಸಿಲಿನಲ್ಲಿ, ಲಲಿತಳ ಸೊಟ್ಟ ಸೊಟ್ಟ ಅಕ್ಷರದಲ್ಲಿ, ಎರಡೇ ಶಬ್ದ ಬರೆದಿತ್ತು: "ಬಂದ್ರಾ? ಹೋಗಿ."